ಹೊಗೆ ಕುಡಿದವರ ಸಂಘಕ್ಕೆ ಸರ್ಕಾರದ ಹಣ ಬೇಕೆ?

ಅಮೆರಿಕದಲ್ಲಿ ಕಾರ್ಖಾನೆ, ಕಸದ ಗುಂಡಿಗಳ ಮಗ್ಗುಲಲ್ಲಿ ಬದುಕುವವರಲ್ಲಿ ಕಪ್ಪು ಜನರ, ಬಡವರ ಪಾಲು ಅವರ ಜನಸಂಖ್ಯೆಗೆ ಹೋಲಿಸಿದರೆ ಹೆಚ್ಚು. ಅವರು ಕಟ್ಟಿಕೊಂಡ ಸಂಘಗಳಿಗೆ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ (ಇಪಿಎ) 1994ರಲ್ಲಿ ಸಣ್ಣ ಅನುದಾನ ಕೊಡಲು ಶುರುಮಾಡಿತು. 2022ರ ಒಂದು ಕಾಯ್ದೆ ಇಂಥ ಕೆಲಸಕ್ಕೆ 300 ಕೋಟಿ ಡಾಲರ್ ತೆಗೆದಿಟ್ಟಿತು. 2025ರಲ್ಲಿ ಬಂದ ಸರ್ಕಾರ ಅನುದಾನಗಳನ್ನು ರದ್ದು ಮಾಡತೊಡಗಿತು. ಈ ಹಣ ಕೊಡುವುದು ಸರಿಯೆ?

ಪರ

ದಕ್ಷಿಣ ಕೆರೊಲಿನಾದ ಸ್ಪಾರ್ಟನ್‌ಬರ್ಗ್ ನಗರವನ್ನು ನೋಡಿ. ಅಲ್ಲಿನ ಆರ್ಕ್‌ರೈಟ್ ಬಡಾವಣೆಯವರಿಗೆ ಪಾಳುಬಿದ್ದ ಗೊಬ್ಬರದ ಕಾರ್ಖಾನೆಯೂ ನಗರದ ಹಳೆಯ ಕಸದ ಗುಂಡಿಯೂ ನೆರೆಹೊರೆ. ಆ ಕಾರ್ಖಾನೆಯ ಪಕ್ಕದಲ್ಲೇ ಬೆಳೆದ ಹೆರಾಲ್ಡ್ ಮಿಚೆಲ್ 'ರೀಜೆನೆಸಿಸ್' ಎಂಬ ಸಂಘ ಕಟ್ಟಿದರು. ಇಪಿಎ ಕೊಟ್ಟದ್ದು ಬರೀ 20,000 ಡಾಲರ್. ಅಷ್ಟರಲ್ಲಿ ಒಂದು ಗುಂಡಿಯ ಮಣ್ಣೂ ಶುದ್ಧವಾಗುವುದಿಲ್ಲ. ಆದರೆ ನಿವಾಸಿಗಳು, ನಗರಾಡಳಿತ, ಕಂಪನಿ ಎಲ್ಲರೂ ಎದುರುಬದುರು ಕೂತು ಮಾತಾಡುವಂತಾಯಿತು. ಆ ಮಾತಿನ ಬೆನ್ನಿಗೆ ವರ್ಷಗಳು ಕಳೆದಂತೆ ಬೇರೆ ಬೇರೆ ಮೂಲಗಳಿಂದ 25 ಕೋಟಿ ಡಾಲರಿಗೂ ಹೆಚ್ಚು ಹಣ ಬಂತು. ಆರೋಗ್ಯ ಕೇಂದ್ರ ಬಂತು, ಹೊಸ ಮನೆಗಳು ಎದ್ದವು. ಮಿಚೆಲ್ ಮುಂದೆ ರಾಜ್ಯದ ಶಾಸಕರೂ ಆದರು.

ಯಾವ ಹೊತ್ತಿಗೆ ವಾಸನೆ ಬರುತ್ತದೆ, ಯಾವ ಬೀದಿಯ ಮಕ್ಕಳು ಕೆಮ್ಮುತ್ತಾರೆ ಎನ್ನುವುದು ಅಲ್ಲಿಯವರಿಗೆ ಗೊತ್ತು. ಗೊತ್ತಿದ್ದರೆ ಸಾಲದು, ಕಾಗದದ ಮೇಲೆ ತೋರಿಸಬೇಕು. ಅಹವಾಲು ಸಭೆಗೆ ಕಂಪನಿಯವರು ಎಂಜಿನಿಯರ್, ವಕೀಲರನ್ನು ಕರೆತರುತ್ತಾರೆ. ನಿವಾಸಿಗಳು ಅಂದಿನ ಕೂಲಿ ಕಳೆದುಕೊಂಡು ಬರುತ್ತಾರೆ. ಈ ಅಂತರ ತುಂಬಲು ನಾಲ್ಕು ಕಾಸು ಕೊಡುವುದನ್ನು ದುಂದು ಎನ್ನುವುದು ಅನ್ಯಾಯ.

ವಿರೋಧ

ಸ್ಪಾರ್ಟನ್‌ಬರ್ಗ್ ಬಗ್ಗೆ ನನಗೂ ಗೌರವವಿದೆ. ನನ್ನ ತಕರಾರು ಹಣ ಪಡೆದ ಸಂಘಗಳ ಮೇಲಲ್ಲ, ಕೊಟ್ಟು ಕೈತೊಳೆದುಕೊಳ್ಳುವ ಸರ್ಕಾರದ ಮೇಲೆ. ಗಾಳಿ ಅಳೆಯುವುದು, ತಪ್ಪಿತಸ್ಥರನ್ನು ಹಿಡಿಯುವುದು ಸರ್ಕಾರದ್ದೇ ಕೆಲಸ. ಅದನ್ನು ಬಡಾವಣೆಯ ಹೆಗಲಿಗೆ ಹೊರಿಸಿದರೆ ಏನಾಗುತ್ತದೆಂಬುದಕ್ಕೆ ಲೂಸಿಯಾನ ಸಾಕ್ಷಿ. ಗಾಳಿ ಅಳೆಯಲೆಂದು ಕೇಂದ್ರ ಸರ್ಕಾರ ಅಲ್ಲಿನ ಸಂಘಗಳಿಗೆ ಹಣ ಕೊಟ್ಟಿತ್ತು. 2024ರಲ್ಲಿ ಅದೇ ರಾಜ್ಯ ಕಾನೂನು ತಂದು, ಇಪಿಎ ಅನುಮೋದಿಸದ ಉಪಕರಣಗಳ ಅಳತೆಯ ಆಧಾರದ ಮೇಲೆ ಕಾರ್ಖಾನೆ ನಿಯಮ ಮುರಿದಿದೆ ಎನ್ನುವಂತಿಲ್ಲ ಎಂದಿತು. ಒಂದು ಸರ್ಕಾರ ಮೀಟರ್ ಕೊಟ್ಟಿತು, ಇನ್ನೊಂದು ಬಾಯಿ ಕಟ್ಟಿತು.

ಕೊಟ್ಟ ಹಣಕ್ಕೂ ಕಟ್ಟುಪಾಡುಗಳಿವೆ. ಕೇಂದ್ರದ ಅನುದಾನ ಬಳಸಿ ಕೇಂದ್ರದ ವಿರುದ್ಧವೇ ಮೊಕದ್ದಮೆ ಹೂಡುವಂತಿಲ್ಲ. ಆಳುವವರು ಬದಲಾದರೆ ಹಣವೇ ನಿಲ್ಲುತ್ತದೆ. ಅದನ್ನು ನಂಬಿ ಕೆಲಸಕ್ಕೆ ಜನರನ್ನು ಸೇರಿಸಿಕೊಂಡ ಸಂಘ ನಡುನೀರಿನಲ್ಲಿ ನಿಲ್ಲುತ್ತದೆ. 2025ರಲ್ಲಿ ಆದದ್ದು ಅದೇ.

1982ರಲ್ಲಿ ಉತ್ತರ ಕೆರೊಲಿನಾದ ವಾರೆನ್ ಕೌಂಟಿಯ ಜನ ಪಿಸಿಬಿ ವಿಷ ಬೆರೆತ ಮಣ್ಣನ್ನು ತಮ್ಮಲ್ಲಿ ಹೂಳಲು ತಂದ ಲಾರಿಗಳಿಗೆ ಅಡ್ಡ ಮಲಗಿದಾಗ ಇಂಥ ಅನುದಾನ ಇರಲೇ ಇಲ್ಲ. 500ಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರು. ಪರಿಸರ ನ್ಯಾಯವೆಂಬ ಚಳವಳಿಗೆ ಬಲ ಬಂದದ್ದು ಅಲ್ಲಿಂದ. ಹಾಗಾಗಿ ಬೇಕಾಗಿರುವುದು ಅನುದಾನವಲ್ಲ, ಹೊಸ ವಿಷಕ್ಕೆ ಪರವಾನಗಿ ನಿರಾಕರಿಸುವ, ಹಳೆಯ ವಿಷದ ಖರ್ಚನ್ನು ಸುರಿದವರಿಂದಲೇ ವಸೂಲು ಮಾಡುವ ಸರ್ಕಾರ. ವಾರೆನ್‌ನ ಆ ಮಣ್ಣು ಶುದ್ಧವಾದದ್ದು 2003ರಲ್ಲಿ. ಖರ್ಚು ಸುಮಾರು 1.8 ಕೋಟಿ ಡಾಲರ್, ಜನರ ತೆರಿಗೆಯ ಹಣ.