ಹಾವಿನ ಮರಿಯ ಊಟದ ಲೆಕ್ಕ

ಮುಂಬಯಿಯ ವಾಚಕರೊಬ್ಬರು ನಮಗೆ ಪತ್ರ ಬರೆದಿರುವರು. ಅವರು ಖಾಸಗಿ ಕಚೇರಿಯೊಂದರಲ್ಲಿ ಗುಮಾಸ್ತರು. ಕಾಲೇಜಿನಲ್ಲಿ ಓದುತ್ತಿರುವ ಅವರ ಮಗನು ಸಾಕುಪ್ರಾಣಿಗಳ ವ್ಯಾಪಾರಿಯೊಬ್ಬನಿಂದ ಕಾರ್ನ್ ಸ್ನೇಕ್ ಎಂಬ ಹಾವಿನ ಮರಿಯನ್ನು ಕೊಂಡು ತಂದನಂತೆ. ಅಮೆರಿಕದ ಆಗ್ನೇಯ ಭಾಗದ ಈ ಹಾವಿಗೆ ವಿಷವಿಲ್ಲ. ಮೊದಲು ಬೆಚ್ಚಿದ ತಾಯಿತಂದೆಗಳಿಗೂ ಪೆನ್ಸಿಲಿನಷ್ಟೇ ದಪ್ಪದ ಆ ಜೀವದ ಮೇಲೆ ಕ್ರಮೇಣ ಕನಿಕರ ಮೂಡಿತು. ಬೆಳೆಯುವ ಮರಿಯೆಂದು ದಿನ ಬಿಟ್ಟು ದಿನ ಇಲಿಮರಿಯನ್ನು ಕೊಟ್ಟರು. ಅದು ತಿಂದುದನ್ನು ಕಕ್ಕಿತು. ಹೊಟ್ಟೆ ಬರಿದಾಯಿತಲ್ಲಾ ಎಂದು ಮರುದಿನವೇ ಮತ್ತೆ ಉಣಿಸಿದರು. ಮೂರನೆಯ ವಾರದಲ್ಲಿ ಮರಿ ಸತ್ತಿತು. “ನಾವು ಅದಕ್ಕೆ ಏನೂ ಕಡಿಮೆ ಮಾಡಿರಲಿಲ್ಲ. ದಿನಕ್ಕೆ ಎಷ್ಟು ಸಲ ಉಣಿಸಬೇಕಾಗಿತ್ತು?” ಎಂದು ಆ ತಂದೆಯವರು ಕೇಳಿರುವರು.

ಕಡಿಮೆ ಮಾಡದಿದ್ದುದೇ ಮುಳುವಾಗಿರಬೇಕೆಂದು ಹೇಳಲು ನಮಗೆ ವಿಷಾದವಾಗುತ್ತದೆ. ಹಾವಿನ ವಿಷಯದಲ್ಲಿ ದಿನಕ್ಕೆ ಎಷ್ಟು ಸಲ ಎಂಬ ಪ್ರಶ್ನೆಗೆ ಸ್ಥಳವಿಲ್ಲ. ಎಷ್ಟು ದಿನಕ್ಕೊಮ್ಮೆ ಎಂದು ಕೇಳತಕ್ಕದ್ದು. ನಾವು ಉಣ್ಣುವ ಅನ್ನದ ಬಹುಪಾಲು ಮೈಯ ಕಾವನ್ನು ಕಾಯ್ದುಕೊಳ್ಳುವುದಕ್ಕೆ ವೆಚ್ಚವಾಗುತ್ತದೆ. ಹಾವಿಗೆ ಆ ವೆಚ್ಚವಿಲ್ಲ. ಅದು ಕಾವನ್ನು ಹೊರಗಿನಿಂದ ಪಡೆಯುತ್ತದೆ. ಆದುದರಿಂದ ಒಂದು ಊಟ ಅದಕ್ಕೆ ಹಲವು ದಿನಗಳ ಬುತ್ತಿ. ಆದರೆ ಆ ಒಂದು ಊಟವನ್ನು ಅರಗಿಸಿಕೊಳ್ಳುವುದು ಅದರ ದೇಹಕ್ಕೆ ಮಹಾಕಾರ್ಯವೇ ಸರಿ. ಬರ್ಮಾ ಹೆಬ್ಬಾವಿಗೆ ಊಟವಾದ 48 ಗಂಟೆಗಳಲ್ಲಿ ಹೃದಯದ ತೂಕವೇ ನೂರಕ್ಕೆ 40ರಷ್ಟು ಹೆಚ್ಚುವುದೆಂದು ವಿಜ್ಞಾನಿಗಳು 2005ರಲ್ಲಿ ತೋರಿಸಿಕೊಟ್ಟರು. ಇಂತಹ ದುಡಿಮೆಯ ನಡುವೆ ಮತ್ತೊಂದು ತುತ್ತನ್ನು ತುರುಕುವುದು ಉಪಚಾರವಲ್ಲ, ಅಪಚಾರ.

ಹಾಗಾದರೆ ಲೆಕ್ಕವೇನು? ಮೊಟ್ಟೆಯೊಡೆದು ಬಂದ ಮರಿಯು ವಾರ ಹತ್ತು ದಿನಗಳಲ್ಲಿ ಮೊದಲ ಪೊರೆಯನ್ನು ಕಳಚುತ್ತದೆ. ಅದಕ್ಕೆ ಮುಂಚೆ ಉಣಿಸುವ ಅಗತ್ಯವಿಲ್ಲ. ಅನಂತರ ಕಾರ್ನ್ ಸ್ನೇಕಿನ ಮರಿಗೆ 5ರಿಂದ 7 ದಿನಗಳಿಗೊಮ್ಮೆ, ಕೂದಲು ಹುಟ್ಟದ ಒಂದು ಇಲಿಮರಿ ಸಾಕು. ಬೆಳೆದ ಮೇಲೆ 10ರಿಂದ 14 ದಿನಗಳಿಗೊಮ್ಮೆ. ಆಫ್ರಿಕದಿಂದ ಬಂದ ಬಾಲ್ ಪೈಥಾನ್ ಎಂಬ ಗಿಡ್ಡ ಹೆಬ್ಬಾವಿನ ಮರಿಗೂ ವಾರಕ್ಕೊಮ್ಮೆಯೇ ಕ್ರಮ. ಪ್ರಾಯಕ್ಕೆ ಬಂದುದಕ್ಕೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ. ತುತ್ತು ಹಾವಿನ ಮೈಯ ಅತಿ ದಪ್ಪ ಭಾಗಕ್ಕಿಂತ ಬಹಳ ದಪ್ಪವಾಗಿರಬಾರದು. ಉಂಡ ಮೇಲೆ ಎರಡು ದಿನ ಅದನ್ನು ಕೈಯಲ್ಲಿ ಎತ್ತಬಾರದು. ಪೆಟ್ಟಿಗೆಯ ಒಂದು ಬದಿ ಬೆಚ್ಚಗಿರಬೇಕು, ಇನ್ನೊಂದು ಬದಿ ತಂಪಾಗಿರಬೇಕು, ಕಾವಿಲ್ಲದೆ ಜೀರ್ಣವಿಲ್ಲ. ಶುದ್ಧವಾದ ನೀರು ಮಾತ್ರ ಎಂದೆಂದಿಗೂ ಇರತಕ್ಕದ್ದು. ಕಕ್ಕಿದರೆ ಮರುದಿನ ಉಣಿಸುವುದು ಸರ್ವಥಾ ಕೂಡದು. ಹತ್ತು ಹದಿನಾಲ್ಕು ದಿನ ಬಿಟ್ಟು, ಮೊದಲಿಗಿಂತ ಚಿಕ್ಕ ತುತ್ತನ್ನು ಕೊಡಬೇಕು. ಮತ್ತೆಯೂ ಕಕ್ಕಿದರೆ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಹಾಲಿನ ಮಾತನ್ನೂ ಇಲ್ಲಿಯೇ ಹೇಳಿಬಿಡುವೆವು. ನಾಗರಪಂಚಮಿಯಂದು ನಾಗನ ಕಲ್ಲಿಗೆ ಹಾಲೆರೆಯುವುದು ನಮ್ಮ ಭಕ್ತಿ. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಜೀವಂತ ಹಾವಿಗೆ ಹಾಲು ಆಹಾರವಲ್ಲ. ಹಾವಾಡಿಗನ ಬುಟ್ಟಿಯಲ್ಲಿ ದಿನಗಟ್ಟಲೆ ನೀರಿಲ್ಲದೆ ಬಳಲಿದ ಹಾವು ಎದುರಿಗೆ ಬಂದುದನ್ನು ಬಾಯಾರಿಕೆಯಿಂದ ಕುಡಿಯುವುದೇ ಹೊರತು ಇಷ್ಟಪಟ್ಟಲ್ಲ.

ನಮ್ಮ ಜನರು ಇದರಲ್ಲಿ ತಪ್ಪುವುದೇಕೆಂಬುದು ನಮಗೆ ಅರ್ಥವಾಗದ ಸಂಗತಿಯಲ್ಲ. ನಮ್ಮ ವಾಚಕರಲ್ಲಿ ಬಹು ಮಂದಿ ಹೋಟೆಲಿನ ಅನ್ನದಿಂದ ಬದುಕು ಕಟ್ಟಿದವರು. ಬೇಡವೆಂದು ಕೈ ಅಡ್ಡ ಹಿಡಿದವರ ಎಲೆಗೂ ಇನ್ನೊಂದು ಸೌಟು ಬಡಿಸುವುದೇ ಮರ್ಯಾದೆಯೆಂದು ಕಲಿತವರು. ಹಸಿವೆಂದರೇನೆಂದು ಚಿಕ್ಕಂದಿನಲ್ಲಿಯೇ ಅರಿತವರಿಗೆ ಖಾಲಿ ಹೊಟ್ಟೆಯನ್ನು ಕಂಡು ಸುಮ್ಮನಿರುವುದು ಸುಲಭವಲ್ಲ. ಈ ಗುಣ ದೊಡ್ಡದು. ಆದರೆ ಬಡಿಸುವವನ ಸಂತೋಷವೇ ಉಣ್ಣುವವನ ಅಗತ್ಯಕ್ಕೆ ಅಳತೆಗೋಲಾಗಲಾರದು. ಉಣ್ಣುವ ಮನುಷ್ಯನು ಸಾಕೆಂದು ಬಾಯಿಬಿಟ್ಟು ಹೇಳಬಲ್ಲನು. ಹಾವಿನ ಮರಿಯು ಹೇಳಲಾರದು. ಹೇಳಲಾರದ ಜೀವಕ್ಕೆ ಉಣಿಸುವವನು ಮೊದಲು ತಿಳಿದುಕೊಳ್ಳಬೇಕು, ಆಮೇಲೆ ಬಡಿಸಬೇಕು.

ಮಾರಿದವನ ಹೊಣೆಯೂ ಇಲ್ಲಿ ಕಡಿಮೆಯದಲ್ಲ. ಹಣವನ್ನು ಎಣಿಸಿಕೊಂಡವನು ಊಟದ ಕ್ರಮವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರೆ ಆ ಮರಿ ಇಂದು ಬದುಕಿರುತ್ತಿತ್ತೋ ಏನೋ. ಕಾಯಿದೆಯ ವಿಷಯವನ್ನೂ ಇಂಥವರು ಮುಚ್ಚಿಡುವುದುಂಟು. ನಾಗರ, ಕೇರೆ, ಹೆಬ್ಬಾವು ಮೊದಲಾದ ನಮ್ಮ ನಾಡಿನ ಹಾವುಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. 2022ರ ತಿದ್ದುಪಡಿಯೂ 2024ರ ನಿಯಮಗಳೂ ಬಂದ ಮೇಲೆ ಬಾಲ್ ಪೈಥಾನಿನಂತಹ ಪರದೇಶದ ಹಾವನ್ನು ಇಟ್ಟುಕೊಂಡವರು ಸರಕಾರದಲ್ಲಿ ನೋಂದಣಿ ಮಾಡಿಸತಕ್ಕದ್ದು. ಕಾಗದಪತ್ರವಿಲ್ಲದ ಹಾವನ್ನು ಯಾರೂ ಕೊಳ್ಳಕೂಡದು.

ಇಷ್ಟಾಗಿಯೂ ಹಾವನ್ನು ಸಾಕುವೆವೆನ್ನುವ ತರುಣರಿಗೆ ನಮ್ಮದೊಂದು ಮಾತಿದೆ. ಹಾವು ಸಸ್ಯಾಹಾರಿಯಾಗಲಾರದು. ಇಲಿಮರಿಯನ್ನು ಮನೆಯ ಶೀತಪೆಟ್ಟಿಗೆಯಲ್ಲಿಡಲು ತಾಯಿ ಒಪ್ಪುವಳೋ? ಒಂದೇ ಕೋಣೆಯಲ್ಲಿ ಆರು ಮಂದಿ ಮಲಗುವಲ್ಲಿ ಜೊತೆಯವರು ಸಮ್ಮತಿಸುವರೋ? ರಜೆಗೆ ಊರಿಗೆ ಹೋದಾಗ ನೀರಿಡುವವರು ಯಾರು? ಕಾರ್ನ್ ಸ್ನೇಕ್ 15ರಿಂದ 20 ವರ್ಷ ಬದುಕಬಲ್ಲದು, ಬಾಲ್ ಪೈಥಾನ್ ಅದಕ್ಕೂ ಹೆಚ್ಚು. ಅಷ್ಟು ಕಾಲದಲ್ಲಿ ಕೆಲಸ ಬದಲಾಗುವುದು, ಊರು ಬದಲಾಗುವುದು, ಮದುವೆಯಾಗುವುದು. ಈ ಪ್ರಶ್ನೆಗಳಿಗೆ ಉತ್ತರವಿಲ್ಲದವರು ಹಾವನ್ನು ತರದಿರುವುದೇ ಲೇಸೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಪತ್ರ ಬರೆದ ಮಹನೀಯರಿಗೆ ನಮ್ಮ ಸಹಾನುಭೂತಿಯಿದೆ. ತಾವು ನಿರ್ದಯರಾಗಿರಲಿಲ್ಲ, ತಿಳಿಯದವರಾಗಿದ್ದಿರಿ, ಅಷ್ಟೆ. ತಮ್ಮ ಮಗನು ಮತ್ತೊಂದು ಮರಿಯನ್ನು ತರುವುದಾದರೆ ಗೋಡೆಗೊಂದು ಕ್ಯಾಲೆಂಡರು ತೂಗಹಾಕಲಿ. ಉಣಿಸಿದ ದಿನಕ್ಕೆ ಗುರುತು ಹಾಕಿ, ಮುಂದಿನ ಗುರುತಿನವರೆಗೆ ಕೈಕಟ್ಟಿ ಕುಳಿತಿರಲಿ. ಹಾವಿನ ಮರಿಗೆ ಆತನು ಮಾಡಬಹುದಾದ ದೊಡ್ಡ ಉಪಕಾರ ಅದೇ.