ಶೂ ಡಬ್ಬದಲ್ಲಿ ಕ್ರಿಸ್‌ಮಸ್

ಟೂತ್‌ಪೇಸ್ಟ್ ಇಡುವಂತಿಲ್ಲ. ಚಾಕೊಲೇಟು, ಪೆಪ್ಪರಮಿಂಟು ಬೇಡ. ಆಟದ ಪಿಸ್ತೂಲು, ಚಾಕು ಕೂಡದು. ಸೋರುವಂಥದ್ದು, ಒಡೆಯುವಂಥದ್ದು, ಯಾರೋ ಬಳಸಿ ಬಿಟ್ಟದ್ದು ಯಾವುದೂ ಸಲ್ಲದು. ಫುಟ್‌ಬಾಲ್ ಇಡಬಹುದು, ಆದರೆ ಗಾಳಿ ತೆಗೆದು, ಜೊತೆಗೊಂದು ಪಂಪು ಸೇರಿಸಿ. ನವೆಂಬರ್ ಬಂತೆಂದರೆ ಅಮೆರಿಕದ ಚರ್ಚುಗಳಲ್ಲಿ ಈ ಪಟ್ಟಿ ಕೈಯಿಂದ ಕೈಗೆ ಓಡಾಡುತ್ತದೆ. ಪೆನ್ಸಿಲು, ನೋಟ್‌ಬುಕ್ಕು, ಸೋಪು, ಕಾಲುಚೀಲ, ಒಂದು ಗೊಂಬೆ ಎಲ್ಲವನ್ನೂ ಖಾಲಿ ಶೂ ಡಬ್ಬದೊಳಗೆ ಒತ್ತಿ ತುಂಬಿ, ಮುಚ್ಚಳದ ಮೇಲೊಂದು ಚೀಟಿ ಅಂಟಿಸುತ್ತಾರೆ. ಚೀಟಿಯಲ್ಲಿ ಹೆಸರಿಲ್ಲ, ಊರಿಲ್ಲ. ಹುಡುಗನೋ ಹುಡುಗಿಯೋ ಎಂದಿರುತ್ತದೆ. ವಯಸ್ಸು 2ರಿಂದ 4, 5ರಿಂದ 9 ಅಥವಾ 10ರಿಂದ 14.

‘ಆಪರೇಷನ್ ಕ್ರಿಸ್‌ಮಸ್ ಚೈಲ್ಡ್’ ಎಂಬ ಈ ಕೆಲಸ ಹುಟ್ಟಿದ್ದು ಅಮೆರಿಕದಲ್ಲಲ್ಲ, ವೇಲ್ಸ್‌ನ ರೆಕ್ಸಮ್‌ನಲ್ಲಿ, 1990ರಲ್ಲಿ. ಸರ್ವಾಧಿಕಾರಿ ಚೌಷೆಸ್ಕು ಆಳ್ವಿಕೆ ಉರುಳಿದ ಮೇಲೆ ರೊಮೇನಿಯಾದ ಅನಾಥಾಲಯಗಳ ಸ್ಥಿತಿ ಜಗತ್ತಿಗೆ ಗೊತ್ತಾಯಿತು. ಅದನ್ನು ಕಂಡು ಸುಮ್ಮನಿರಲಾರದೆ ಡೇವ್ ಮತ್ತು ಜಿಲ್ ಕುಕ್ ದಂಪತಿ ಅಲ್ಲಿನ ಮಕ್ಕಳಿಗೆ ಉಡುಗೊರೆ ಕೂಡಿಸಿ ಒಯ್ದರು. 1993ರಲ್ಲಿ ಅದು ‘ಸಮಾರಿಟನ್ಸ್ ಪರ್ಸ್’ ಸಂಸ್ಥೆಯ ತೆಕ್ಕೆಗೆ ಬಂತು. ಪ್ರಸಿದ್ಧ ಪ್ರಚಾರಕ ಬಿಲ್ಲಿ ಗ್ರಹಾಂ ಅವರ ಮಗ ಫ್ರಾಂಕ್ಲಿನ್ ಗ್ರಹಾಂ ಅದರ ಮುಖ್ಯಸ್ಥರು; ಕೇಂದ್ರ ಕಚೇರಿ ಇರುವುದು ಉತ್ತರ ಕೆರೊಲಿನಾದ ಬೂನ್‌ನಲ್ಲಿ. ಆಮೇಲಿನ ಬೆಳವಣಿಗೆ ದಂಗುಬಡಿಸುವಂಥದ್ದು. 2022ರ ಹೊತ್ತಿಗೆ ಡಬ್ಬಗಳ ಲೆಕ್ಕ 20 ಕೋಟಿ ಮುಟ್ಟಿತು. ಸರ್ಕಾರಗಳು ಮಕ್ಕಳಿಗೆ ಪಠ್ಯಪುಸ್ತಕ ತಲುಪಿಸಲು ಏದುಸಿರು ಬಿಡುವ ಕಾಲದಲ್ಲಿ, ಸ್ವಯಂಸೇವಕರೇ ಒಂದೊಂದು ಡಬ್ಬವನ್ನೂ ತೆರೆದು, ನಿಷಿದ್ಧ ವಸ್ತು ಹೊರತೆಗೆದು, ಟೇಪು ಹಾಕಿ ಹಡಗಿಗೆ ಏರಿಸುವ ವ್ಯವಸ್ಥೆ ಇದು. ಮೆಚ್ಚಲೇಬೇಕು.

ಡಬ್ಬ ತೆರೆಯುವ ಮಗುವಿಗೆ ಅದರ ಜೊತೆ ಯೇಸುವಿನ ಕಥೆ ಹೇಳುವ ಪುಸ್ತಿಕೆಯೂ ಸಿಗುತ್ತದೆ, ಸಾಧ್ಯವಾದ ಕಡೆ ಮಗುವಿನ ಭಾಷೆಯಲ್ಲೇ. ನಂತರ ಸ್ಥಳೀಯ ಚರ್ಚಿನಲ್ಲಿ ನಡೆಯುವ ಹನ್ನೆರಡು ಪಾಠಗಳ ತರಗತಿಗೆ ಕರೆ ಬರುತ್ತದೆ. ಇದರಲ್ಲಿ ಗುಟ್ಟೇನಿಲ್ಲ. ಸುವಾರ್ತೆ ಸಾರುವುದೇ ತನ್ನ ಉದ್ದೇಶ ಎಂದು ಸಂಸ್ಥೆ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತದೆ.

ತೊಡಕಿರುವುದು ನಡುವಿನ ಹಾದಿಯಲ್ಲಿ. ಬಡಮಕ್ಕಳಿಗೊಂದು ಕ್ರಿಸ್‌ಮಸ್ ಉಡುಗೊರೆ ಎಂದಷ್ಟೇ ತಿಳಿದು ಡಬ್ಬ ತುಂಬಿದ ಎಷ್ಟೋ ಮನೆಗಳಿಗೆ ಮುಂದಿನ ಪಾಠಗಳ ವಿಷಯ ತಡವಾಗಿ ತಿಳಿಯಿತು. 2001ರಲ್ಲಿ ಅಮೆರಿಕದ ಮೇಲೆ ನಡೆದ ದಾಳಿಯ ಬಳಿಕ ಫ್ರಾಂಕ್ಲಿನ್ ಗ್ರಹಾಂ ಇಸ್ಲಾಂ ಕುರಿತು ಆಡಿದ ಕಟುಮಾತು ಬೇರೆ ಸೇರಿಕೊಂಡು, ಬ್ರಿಟನ್ನಿನ ಕೆಲವು ಶಾಲೆಗಳೂ ಸಂಸ್ಥೆಗಳೂ ಈ ಕೆಲಸದಿಂದ ದೂರ ಸರಿದವು. 2013ರಲ್ಲಿ ದಕ್ಷಿಣ ಕೆರೊಲಿನಾದ ಸಾರ್ವಜನಿಕ ಶಾಲೆಯೊಂದು, ಮಾನವತಾವಾದಿ ಸಂಘಟನೆಯ ಆಕ್ಷೇಪ ಬಂದಾಗ ಡಬ್ಬ ಸಂಗ್ರಹ ನಿಲ್ಲಿಸಿತು. ಅಲ್ಲಿ ಚರ್ಚಿನ ಅಂಗಳದಲ್ಲಿ ನಡೆದರೆ ಯಾರ ತಕರಾರೂ ಇರದ ಕೆಲಸ, ಸರ್ಕಾರಿ ಹಣದಲ್ಲಿ ನಡೆಯುವ ಶಾಲೆಯೊಳಗೆ ಬಂದಾಗ ಸಂವಿಧಾನದ ಪ್ರಶ್ನೆಯಾಗುತ್ತದೆ.

ನಾವು ಇದನ್ನು ದೂರದಿಂದ ನೋಡಿ ತೀರ್ಪು ಕೊಡುವ ಸ್ಥಿತಿಯಲ್ಲೇನೂ ಇಲ್ಲ. 2022ರಲ್ಲಿ ಕರ್ನಾಟಕ ತಂದ ಮತಾಂತರ ನಿಷೇಧ ಕಾಯ್ದೆ ‘ಆಮಿಷ’ದ ವ್ಯಾಖ್ಯೆಯೊಳಗೆ ಉಡುಗೊರೆಯನ್ನೂ ಸೇರಿಸಿತು, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಕೊಡುವ ಉಚಿತ ಶಿಕ್ಷಣವನ್ನೂ ಬಿಡಲಿಲ್ಲ. ಮರುವರ್ಷ ಸರ್ಕಾರ ಬದಲಾಗಿ, ಅದನ್ನು ರದ್ದುಪಡಿಸುವ ತೀರ್ಮಾನಕ್ಕೆ ಸಂಪುಟ ಬಂತು. ಆ ವ್ಯಾಖ್ಯೆಯನ್ನು ಅಕ್ಷರಶಃ ಹಿಡಿದು ಹೊರಟರೆ ಪುಣ್ಯದ ಲೆಕ್ಕ ಇಟ್ಟುಕೊಂಡು ಮಾಡುವ ಯಾವ ದಾನ ಉಳಿದೀತು? ಇನ್ನು, ವಿದೇಶಿ ಹಣ ತರಿಸುವ ನಿಯಮವನ್ನು ಕೇಂದ್ರ ಸರ್ಕಾರ ಬಿಗಿ ಮಾಡಿದ್ದರಿಂದ ‘ಕಂಪ್ಯಾಷನ್ ಇಂಟರ್‌ನ್ಯಾಷನಲ್’ ಎಂಬ ಮತ್ತೊಂದು ಕ್ರೈಸ್ತ ಸಂಸ್ಥೆ 2017ರಲ್ಲಿ ಭಾರತದ ಕೆಲಸ ಮುಚ್ಚಿ ಹೊರಟಿತು. ಅದು ನೆರವು ಕೊಡುತ್ತಿದ್ದ ಮಕ್ಕಳು ಒಂದು ಲಕ್ಷಕ್ಕೂ ಹೆಚ್ಚು. ಆ ಸಂಸ್ಥೆಯ ಮೇಲಿದ್ದ ಮತಾಂತರದ ಶಂಕೆಯ ಬಗ್ಗೆ ಗಂಟೆಗಟ್ಟಲೆ ಚರ್ಚಿಸಿದವರು ಆ ಮಕ್ಕಳ ಊಟ, ಫೀಸು ಮುಂದೆ ಯಾರ ಪಾಲಿಗೆ ಬಂತು ಎಂದು ಅಷ್ಟೇ ಕಾಳಜಿಯಿಂದ ಕೇಳಬೇಕಿತ್ತು.

ನಂಬಿದ್ದನ್ನು ಹಂಚಿಕೊಳ್ಳುವ ಆಸೆ ತಪ್ಪಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಐದು ವರ್ಷದ ಮಗು ಬೊಂಬೆಯನ್ನೂ ಬೋಧನೆಯನ್ನೂ ಬೇರೆ ಮಾಡಿ ನೋಡಲಾರದು. ಅದಕ್ಕೆ ಎರಡೂ ಒಂದೇ ಕೈಯಿಂದ ಬಂದದ್ದು. ಆಯ್ಕೆ ಮಾಡಬಲ್ಲವರು ತಂದೆತಾಯಿ. ಅವರನ್ನು ಮೊದಲು ಕೇಳಬೇಕು, ಬೇಡವೆಂದರೂ ಡಬ್ಬ ಮಗುವಿನ ಕೈಯಲ್ಲೇ ಉಳಿಯಬೇಕು. ‘ಸಮಾರಿಟನ್ಸ್ ಪರ್ಸ್’ ಹೆಸರು ಪಡೆದ ಬೈಬಲಿನ ಸಾಮತಿಯಲ್ಲಿ ಸಮಾರ್ಯದವನು ದಾರಿಯಲ್ಲಿ ಬಿದ್ದಿದ್ದ ಗಾಯಾಳುವಿನ ಗಾಯಕ್ಕೆ ಎಣ್ಣೆ ಹಚ್ಚಿ ಕಟ್ಟುತ್ತಾನೆ, ಛತ್ರದವನಿಗೆ ಎರಡು ನಾಣ್ಯ ಕೊಟ್ಟು ತನ್ನ ದಾರಿ ಹಿಡಿಯುತ್ತಾನೆ. ಪಾಠ ಹೇಳಲು ನಿಲ್ಲುವುದಿಲ್ಲ.

ಹಣದ ಲೆಕ್ಕವೂ ಒಂದಿದೆ. ಒಳಗಿನ ಸಾಮಾನಿನ ಖರ್ಚಲ್ಲದೆ, ಡಬ್ಬವೊಂದಕ್ಕೆ ಸಾಗಣೆ ಮತ್ತಿತರ ವೆಚ್ಚಕ್ಕೆಂದು 10 ಡಾಲರ್ ಕೇಳುತ್ತಾರೆ. ಆ ಮೊತ್ತಕ್ಕೆ ಮಗುವಿನ ಊರಿನ ಅಂಗಡಿಯಲ್ಲೇ ಪೆನ್ಸಿಲು, ನೋಟ್‌ಬುಕ್ಕು ಕೊಂಡರೆ ಅಂಗಡಿಯವನ ಮನೆಯೂ ನಡೆದೀತು. ಆದರೆ ಹಾಗೆ ಮಾಡಿದರೆ ಡಬ್ಬ ತುಂಬುವ ಖುಷಿ ಇರುವುದಿಲ್ಲ. ಈ ಕಾರ್ಯಕ್ರಮದ ಅರ್ಧ ಜೀವ ಇರುವುದೇ ಆ ಖುಷಿಯಲ್ಲಿ.

ಅಮೆರಿಕ, ಬ್ರಿಟನ್ನುಗಳಲ್ಲಿರುವ ನಮ್ಮ ಓದುಗರಲ್ಲಿ ಒಂದು ಮನವಿ. ಮಕ್ಕಳು ಇಂಥದೊಂದು ಕರಪತ್ರ ಹಿಡಿದು ಮನೆಗೆ ಬಂದರೆ ಮುಖಪುಟದ ನಗುವ ಚಿತ್ರಕ್ಕೆ ನಿಲ್ಲಿಸದೆ ಹಿಂಬದಿಯನ್ನೂ ಓದಿ. ಡಬ್ಬ ಎಲ್ಲಿಗೆ ಹೋಗುತ್ತದೆ, ಜೊತೆಗೆ ಏನು ಹೋಗುತ್ತದೆ ಎಂಬುದನ್ನು ಮಗುವಿಗೆ ಬಿಡಿಸಿ ಹೇಳಿ. ಆಮೇಲೆ ತುಂಬುವುದೋ ಬಿಡುವುದೋ ನಿಮ್ಮ ಮನೆಯ ತೀರ್ಮಾನ. ಡಬ್ಬ ಒಪ್ಪಿಸುವ ವಾರ ನವೆಂಬರ್ ಮಧ್ಯದಲ್ಲೇ ಬಂದುಬಿಡುತ್ತದೆ, ಡಿಸೆಂಬರ್‌ವರೆಗೆ ಕಾಯಬೇಡಿ.