ಹದ್ದಿಗೊಂದು ಕಾನೂನು, ಅವ್ವನಿಗೆ ಬರೀ ಮಾತ್ರೆ

ಸತ್ತ ದನ ಹೊತ್ತವರು ನಮ್ಮ ಹಿರಿಯರು. ಊರಾಚೆ ಅದರ ಮಾಂಸ ತಿಂದು ಚೊಕ್ಕಟ ಮಾಡುತ್ತಿದ್ದುದು ರಣಹದ್ದು. ಆ ಹಕ್ಕಿ ಯಾಕೆ ನಾಶವಾಯಿತು ಗೊತ್ತೆ? ದನಕ್ಕೆ ಚುಚ್ಚಿದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಅದರ ಕಿಡ್ನಿ ಕೆಡಿಸಿತು. 2004ರಲ್ಲಿ ವಿಜ್ಞಾನಿಗಳು ಇದನ್ನು ಬಯಲು ಮಾಡಿದರು. 2006ರಲ್ಲಿ ಸರ್ಕಾರ ದನಕ್ಕೆ ಆ ಔಷಧಿ ನಿಷೇಧಿಸಿತು. 2012ರಲ್ಲಿ ರಾಮನಗರದ ರಾಮದೇವರಬೆಟ್ಟ ಹದ್ದುಗಳ ಧಾಮವಾಯಿತು. ಒಳ್ಳೇದೇ ಆಯಿತು, ನಾವು ಬೇಡ ಅನ್ನೋದಿಲ್ಲ.

ಆದರೆ ಚಾಮರಾಜಪೇಟೆ, ಬಸವನಗುಡಿ ಬೀದಿ ಗುಡಿಸುವ ನಮ್ಮ ಅವ್ವಂದಿರ ಕತೆ ಏನು? ನಸುಕಿಗೇ ಪೊರಕೆ ಹಿಡಿದು ಬಗ್ಗಿದವರು ಮಧ್ಯಾಹ್ನದವರೆಗೆ ಸೊಂಟ ಎತ್ತುವಂತಿಲ್ಲ. ಉಚ್ಚೆಗೆ ಹೋಗಲು ಜಾಗವಿಲ್ಲ ಅಂತ ನೀರೇ ಕುಡಿಯೋದಿಲ್ಲ. ಸೊಂಟನೋವಿಗೆ ಮೆಡಿಕಲ್ ಸ್ಟೋರಿನ ಎರಡು ಮಾತ್ರೆ. ಅದೇ ಡೈಕ್ಲೋಫೆನಾಕ್! ಡಾಕ್ಟರ ಚೀಟಿಯಿಲ್ಲದೆ ಮಾರಬಾರದು ಅಂತ ಕಾನೂನಿದೆ. ಚೀಟಿ ಕೇಳೋರು ಯಾರು?

ಮನುಷ್ಯ ಹದ್ದಿನಂತೆ ಒಂದೇ ಸಲಕ್ಕೆ ಉರುಳೋದಿಲ್ಲ, ನಿಜ. ಆದರೆ ಕೇಳಿ. ಮೈಯಲ್ಲಿ ನೀರು ಕಡಿಮೆಯಾದಾಗ ಕಿಡ್ನಿಗೆ ಹೋಗುವ ರಕ್ತನಾಳ ಮುದುಡದಂತೆ ನೋಡಿಕೊಳ್ಳುವುದು ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ. ನೋವು, ಊತ ಹೆಚ್ಚಿಸುವುದೂ ಅದೇ. ಮಾತ್ರೆ ಅದು ಹುಟ್ಟದಂತೆ ತಡೆಯುತ್ತದೆ. ನೋವೂ ಇಳೀತು, ಕಿಡ್ನಿಗೆ ರಕ್ತವೂ ಇಳೀತು! ಬಿಪಿ ಮಾತ್ರೆ, ಉಚ್ಚೆ ಹೆಚ್ಚಿಸುವ ಮಾತ್ರೆ ಜೊತೆ ಸೇರಿದರೆ ಅಪಾಯ ಇನ್ನೂ ಹೆಚ್ಚು. ಐಬುಪ್ರೊಫೆನ್, ಅಸೆಕ್ಲೋಫೆನಾಕ್, ನಿಮೆಸುಲೈಡ್, ಹೆಸರು ಬೇರೆ, ಕುಲ ಒಂದೇ. ಕಿಡ್ನಿ ಕೂಗಿ ಹೇಳೋದಿಲ್ಲ. ಬಹಳಷ್ಟು ಕೆಟ್ಟಮೇಲೇ ಗೊತ್ತಾಗೋದು. ಆಮೇಲೆ ವಿಕ್ಟೋರಿಯಾ ಆವರಣದ ನೆಫ್ರೋ ಯುರಾಲಜಿ ಸಂಸ್ಥೆಯ ಮುಂದೆ ಸಾಲು ನಿಲ್ಲಬೇಕು.

"ಮಾತ್ರೆ ನುಂಗಬೇಡವ್ವಾ" ಅಂದರೆ ಮುಗೀತೆ? ನುಂಗದಿದ್ದರೆ ನಾಳೆ ಪೊರಕೆ ಹಿಡಿಯೋದು ಹೇಗೆ? ಕುಡಿಯೋ ನೀರು, ಶೌಚಾಲಯ, ಬೆನ್ನು ಆರಿಸಿಕೊಳ್ಳಲು ಒಂದಿಷ್ಟು ನೆರಳು, ಇವನ್ನು ಕೊಡಬೇಕಾದವರು ಕೊಡಲಿಲ್ಲ. ಅವರ ತಪ್ಪನ್ನು ಮಾತ್ರೆ ಮುಚ್ಚಿಹಾಕುತ್ತಿದೆ. ಬೆಲೆ ತೆರುತ್ತಿರುವುದು ಅವ್ವನ ಕಿಡ್ನಿ.

ಹಾಸ್ಟೆಲಿನ ಗೆಳೆಯರೇ, ವಾಂತಿಭೇದಿಯಾಗಿ ಸುಸ್ತಾದಾಗ, ಹೊತ್ತಿಡೀ ಬಿಸಿಲಲ್ಲಿ ಕಬಡ್ಡಿ ಆಡಿ ಬಂದಾಗ ನಾವೂ ಈ ಮಾತ್ರೆ ನುಂಗೋದು ಬಿಡೋಣ. ಈ ಸಲ ಮನೆಗೆ ಹೋದಾಗ ಅವ್ವ ಸೆರಗಿನ ಗಂಟಲ್ಲಿಟ್ಟ ಮಾತ್ರೆ ಯಾವುದು, ಕೇಳಿ ನೋಡೋಣ. ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ಬಿಪಿ, ಕ್ರಿಯೇಟಿನಿನ್ ಪರೀಕ್ಷೆ ಮಾಡಿಸೋಣ. ಆಮೇಲೆ ವಾರ್ಡ್ ವಾರ್ಡಿಗೂ ನೀರು, ಶೌಚಾಲಯ ಕೇಳಲು ಅವಳ ಜೊತೆ ನಿಲ್ಲೋಣ.

ಹದ್ದಿಗೆ ಬಾಯಿರಲಿಲ್ಲ, ಓದಿದವರು ಅದರ ಪರ ಕೇಳಿದರು. ಅವ್ವನಿಗೆ ಬಾಯಿದೆ, ಕೇಳುವ ಕಿವಿಯಿಲ್ಲ. ಅವಳ ಬೆವರಿನಲ್ಲಿ ಓದಿದ ನಾವು ಸುಮ್ಮನಿದ್ದರೆ ಈ ಓದು ಯಾತಕ್ಕೆ?